ತಾಮ್ರದ ಸುತ್ತು

ಕಾರು ಕಪಿಲೆಯ ಸೇತುವೆಯ ಮೇಲಿದ್ದಾಗ ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೊತ್ತಿಕೊಂಡಿತು. ಚಾಲಕ ನಂಜೇಶನಿಗಿಂತ ಮೊದಲು ಅದನ್ನು ನೋಡಿದ್ದು ಪಕ್ಕದಲ್ಲಿ ಕೂತಿದ್ದ ಎಂಜಿನಿಯರ್ ಕೋಮಲ. ನಂಜನಗೂಡಿಗೂ ನರಸೀಪುರಕ್ಕೂ ನಡುವೆ ತಿಂಗಳುಗಟ್ಟಲೆ ಓಡಾಡಿದ ಅವಳು ರಸ್ತೆಗಿಂತ ಹೆಚ್ಚಾಗಿ ಆ ದೀಪದ ಜಾಗವನ್ನೇ ನೋಡಿದ್ದಳು.

"ನಿಲ್ಸಿ ನಂಜೇಶ್."

"ಸೇತ್ವೆ ಮೇಲಾ? ಇಂದ್ಗಡೆ ಬಸ್ಸು ಬತ್ತಾ ಅದೆ ಮೇಡಂ. ಅದ್ನಾರು ಗೇಟಲ್ಲಿ ನಿಲ್ಲುಸ್ತೀನಿ, ತಡೀರಿ."

ದೀಪದ ಅರ್ಥ ಒಂದೇ: ಸ್ಟೀರಿಂಗ್ ಚಕ್ರದೊಳಗೆ ಮಡಚಿಟ್ಟ ಗಾಳಿಚೀಲಕ್ಕೆ ವಿದ್ಯುತ್ತು ತಲುಪುತ್ತಿಲ್ಲ. ಈಗ ಡಿಕ್ಕಿಯಾದರೆ ಚೀಲ ಉಬ್ಬುವುದಿಲ್ಲ. ಬೇರೆ ಕಾರುಗಳಲ್ಲಿ ಆ ವಿದ್ಯುತ್ತನ್ನು ಒಯ್ಯಲು ಚಕ್ರದ ಹಿಂದೆ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿದ ಪಟ್ಟಿಯಿರುತ್ತದೆ. ಚಕ್ರ ತಿರುಗಿದಂತೆಲ್ಲ ಬಿಚ್ಚಿಕೊಳ್ಳುತ್ತ, ಸುತ್ತಿಕೊಳ್ಳುತ್ತ ಅದು ಎಂದಾದರೂ ತುಂಡಾಗಬಹುದು. ಕೋಮಲ ಆ ಪಟ್ಟಿಯನ್ನೇ ತೆಗೆದುಹಾಕಿದ್ದಳು. ಅವಳು ಕೂರಿಸಿದ್ದು ಎರಡು ಸುರುಳಿಗಳನ್ನು, ಒಂದು ಸ್ಟೀರಿಂಗ್ ಕಂಬದ ಮೇಲೆ, ಇನ್ನೊಂದು ಚಕ್ರದೊಳಗೆ. ನಡುವೆ ಬೆರಳಗಲ ಗಾಳಿ. ಒಂದನ್ನೊಂದು ಮುಟ್ಟದೆಯೇ ವಿದ್ಯುತ್ತು ದಾಟುತ್ತಿತ್ತು.

ಗುರುವಾರ ಕಾರು ಕಂಪನಿಯಿಂದ ನಂದಿತಾ ಎನ್ನುವವರು ಪರೀಕ್ಷೆ ನೋಡಲು ಬರುವವರಿದ್ದರು. ಕೋಮಲ ಕೆಲಸ ಮಾಡುವ ಕಾರ್ಖಾನೆಯ ಮಾಲೀಕ ಶಂಭುಲಿಂಗಪ್ಪ ಮೊದಲೇ ಹೇಳಿಬಿಟ್ಟಿದ್ದರು: "ಗಾಳೀಲಿ ಕರೆಂಟ್ ಕಳುಸ್ತೀನಿ ಅಂದೆ ನೀನು, ಆಗ್ಲಮ್ಮ ಅಂದೆ ನಾನು. ಅವರು ಬರೋದ್ರೊಳಗೆ ಒಂದೇ ಒಂದ್ಸಲ ಆ ದೀಪ ಹತ್ತಿದ್ರೂ ಪಟ್ಟಿಗೆ ವಾಪಸ್. ನನ್ ಎದೆ ತಡ್ಕೊಳಲ್ಲ."

ಹದಿನಾರು ಎಂಬ ಊರಿನ ಗೇಟಿನ ಬಳಿ ಕಾರು ನಿಂತಿತು. ಕೋಮಲ ಮೊಬೈಲಿನ ಬೆಳಕು ಹಿಡಿದು ಚಕ್ರದ ಹಿಂದೆ ಬಗ್ಗಿದಳು. ಪರೀಕ್ಷೆಯ ಕಾರಾದ್ದರಿಂದ ಅಲ್ಲಿ ಮುಚ್ಚಳವಿರಲಿಲ್ಲ. ಎರಡು ಸುರುಳಿಗಳ ನಡುವಿನ ಸಂದಿಯಲ್ಲಿ ಏನೋ ಮಿನುಗಿತು. ತಾಮ್ರದ ತಂತಿ. ಕಂಬಕ್ಕೆ ಸುತ್ತಿ, ತುದಿಗಳೆರಡನ್ನೂ ಬಿಗಿಯಾಗಿ ಹೊಸೆದು ಅರಿಶಿನ ಬಳಿದಿತ್ತು.

"ನಮ್ಮವ್ವಂದೇ ಕೆಲ್ಸ," ಎಂದ ನಂಜೇಶ ಬೇರೆಲ್ಲೋ ನೋಡುತ್ತ.

ಹೊರಡುವ ಮೊದಲು ನರಸೀಪುರದಲ್ಲಿ ಇಬ್ಬರೂ ಅವನ ಮನೆಗೆ ಟೀ ಕುಡಿಯಲು ಹೋಗಿದ್ದರು. ಅವನ ತಾಯಿ ಚನ್ನಾಜಮ್ಮ ಲೋಟ ಕೈಗಿಟ್ಟು, ಕಾರು ನೋಡಿಕೊಂಡು ಬರುತ್ತೇನೆಂದು ಹೊರಗೆ ಹೋಗಿದ್ದರು. ಕೋಮಲ ಗೇಟಿನ ಬಳಿಯಿಂದಲೇ ಅವರಿಗೆ ಫೋನು ಮಾಡಿದಳು.

"ಊಂ ಕಣವ್ವ, ನಾನೇ ಕಟ್ದೆ," ಎಂದರು ಚನ್ನಾಜಮ್ಮ. "ನನ್ ಮಗನ್ ಎದೆ ಮುಂದ್ಕೆ ಸಿಡಿಯೋ ಮದ್ದು ಮಡಗಿ ಓಡಾಡುಸ್ತಾ ಇದ್ದೀಯಲ್ಲ, ನಿನ್ನೇನಾರ ನಾನು ಕೇಳುದ್ನಾ? ಬೆಟ್ಟದಲ್ಲಿ ಪೂಜೆ ಮಾಡ್ಸಿ ತಂದದ್ದು ಅದು. ಕುಯ್ದುಗಿಯ್ದೀಯ."

ಕೋಮಲಳಿಗೆ ನಗು ಬಂತು, ಹಿಂದೆಯೇ ಕಣ್ಣೀರೂ. ದೋಷ ಅವಳ ಸುರುಳಿಗಳಲ್ಲಿರಲಿಲ್ಲ. ತುದಿ ಕೂಡಿಸಿದ ತಾಮ್ರದ ಸುತ್ತು ನಡುವೆ ಕೂತು, ಒಂದು ಸುರುಳಿ ಕಳಿಸಿದ್ದು ಇನ್ನೊಂದಕ್ಕೆ ಮುಟ್ಟುವ ಮೊದಲೇ ನುಂಗುತ್ತಿತ್ತು. ಅಷ್ಟೇ.

ನಂಜೇಶ ಕಟಿಂಗ್ ಪ್ಲೇಯರ್ ತಂದ. "ಕಟ್ ಮಾಡ್ಬುಡ್ತೀನಿ. ಸಾಹುಕಾರ್ರಿಗೆ ಏಳ್ಬ್ಯಾಡಿ, ನಮ್ಮವ್ವಂಗೂ ಏಳ್ಬ್ಯಾಡಿ."

ಅಷ್ಟರಲ್ಲಿ ಬಾಳೆಗೊನೆ ತುಂಬಿದ ಟೆಂಪೋ ಒಂದು ಬಂದು ಪಕ್ಕದಲ್ಲಿ ನಿಂತಿತು. ಅದರ ಸ್ಟೀರಿಂಗ್ ಕಂಬಕ್ಕೆ ಕಪ್ಪುದಾರ, ಕವಡೆ, ಹಿತ್ತಾಳೆ ತಾಯಿತ, ಯಾವ ಕಾಲದ್ದೋ ಒಂದು ತಾಮ್ರದ ಕಡಗ. ಅದರ ಹಿಂದಿನ ಜೀಪಿನಲ್ಲೂ ಏನೋ ತೂಗಾಡುತ್ತಿತ್ತು. ಕೋಮಲ ನೋಡುತ್ತಲೇ ನಿಂತಳು. ಕವಲಂದೆಯ ಅವಳ ಮನೆಯಲ್ಲಿ ತಾಯಿತ ಕಟ್ಟುವ ರೂಢಿ ಇರಲಿಲ್ಲ. ಅವಳಪ್ಪ ಮಾರಯ್ಯ ಅದಕ್ಕೆಲ್ಲ ನಗುತ್ತಿದ್ದರು. ಅದಕ್ಕೇ ಇರಬೇಕು, ಇಷ್ಟು ದಿನ ಅವಳಿಗೆ ಇದು ಹೊಳೆದಿರಲಿಲ್ಲ.

"ಬೇಡ, ಬಿಡಿ," ಎಂದಳು.

"ಸಾಹುಕಾರ್ರು ಬೈಯಕಿಲ್ವಾ?"

"ಬೈತಾರೆ."

ಬೈದರು ಶಂಭುಲಿಂಗಪ್ಪ. ದೀಪ ಹತ್ತಿತು ಎಂದು ಅವಳಾಗಿ ಹೇಳಿದ್ದಕ್ಕೆ ಒಂದು ಸಲ, ತಂತಿಯನ್ನು ಹಾಗೇ ಬಿಟ್ಟಿದ್ದಕ್ಕೆ ಇನ್ನೊಂದು ಸಲ. "ಕಿತ್ತಾಕಿದ್ರೆ ಮುಗೀತಿತ್ತಲ್ಲ ತಾಯಿ."

"ಇದನ್ನ ಕೀಳಬಹುದು ಸಾರ್. ಮಾರಿದ ಮೇಲೆ ಜನ ಕಟ್ಟೋದನ್ನ ಯಾರು ಕೀಳ್ತಾರೆ? ನಿಮ್ಮ ಕಾರಲ್ಲಿ ಏನು ಕಟ್ಟಿದೀರಿ?"

"ಅದು ಬೇರೆ. ಅದು ಮಠದ್ದು," ಎಂದವರು ಕಿಟಕಿಯಾಚೆ ನಿಂತಿದ್ದ ತಮ್ಮ ಕಾರಿನತ್ತ ನೋಡಿದರು. "ತಾಮ್ರದ್ದೇ ಅನ್ಸುತ್ತೆ." ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. "ಗುರುವಾರ ಆ ತಂತಿ ಇಟ್ಕೊಂಡೇ ಚೀಲ ಹಾರ್ಸು. ಹಾರ್ಲಿಲ್ವೋ, ಪಟ್ಟಿ."

ಏನಾದರೂ ತಪ್ಪೀತೆಂಬ ಭಯಕ್ಕೆ ಕೋಮಲ ತನ್ನ ಸರ್ಕ್ಯೂಟನ್ನು ಒಂದೇ ಕಂಪನಾಂಕಕ್ಕೆ ಕಟ್ಟಿಹಾಕಿದ್ದಳು. ಈಗ ಆ ಕಟ್ಟು ಬಿಚ್ಚಿದಳು. ದಾರಿಗೆ ಅಡ್ಡ ಬಂದರೆ ರೇಡಿಯೋದಲ್ಲಿ ಸ್ಟೇಷನ್ ಹುಡುಕಿದಂತೆ ಅದು ಅತ್ತಿತ್ತ ಹುಡುಕಬೇಕು, ಆಚೆಯ ಸುರುಳಿ ಓಗೊಟ್ಟಲ್ಲಿ ನಿಲ್ಲಬೇಕು. ಮೊದಲ ದಿನ ಅದು ಹುಡುಕಿತೇ ಹೊರತು ನಿಲ್ಲಲಿಲ್ಲ. ಮರುದಿನ ನಿಂತಿತು, ಕೈ ಬಿಟ್ಟಿತು, ಮತ್ತೆ ನಿಂತಿತು. ಬುಧವಾರ ಊಟದ ಗಂಟೆ ಹೊಡೆಯುವ ಹೊತ್ತಿಗೆ ಕೆಂಪು ದೀಪ ಆರಿತು. ಅವಳು ನಂಬದೆ ಬಲ್ಬು ಕೆಟ್ಟಿದೆಯೇ ಎಂದು ನೋಡಿದಳು. ಕೆಟ್ಟಿರಲಿಲ್ಲ.

ಗುರುವಾರ ಚಕ್ರವನ್ನೂ ಕಂಬವನ್ನೂ ತಂತಿಯ ಸಮೇತ ಬಿಚ್ಚಿ ತಂದು ದಪ್ಪ ಗಾಜಿನ ಹಿಂದೆ ಕೂರಿಸಿದರು. ನಂದಿತಾ ಗಾಜಿಗೆ ಮುಖ ಹತ್ತಿರ ತಂದರು. "ಅದೇನು ಹಳದಿಯಾಗಿ?"

ಶಂಭುಲಿಂಗಪ್ಪ ಕೆಮ್ಮಿದರು. ಕೋಮಲ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ನಮ್ಮತ್ತೆನೂ ಕಟ್ಟಿದಾರೆ," ಎಂದರು ನಂದಿತಾ, ನಗದೆ. "ಸರಿ, ಚಕ್ರ ತಿರುಗ್ತಾ ಇರಲಿ. ಯಾವಾಗ ಒತ್ತಬೇಕು ಅಂತ ನಾನು ಹೇಳ್ತೀನಿ."

ಮೋಟಾರು ಚಕ್ರವನ್ನು ತಿರುಗಿಸತೊಡಗಿತು. ಕೋಮಲಳ ಹೆಬ್ಬೆರಳು ಗುಂಡಿಯ ಮೇಲಿತ್ತು. ನಂದಿತಾ ಬೇಕೆಂದೇ ತಡ ಮಾಡುತ್ತಿದ್ದರು.

"ಈಗ."

ಶೆಡ್ಡಿನ ತಗಡುಗಳೆಲ್ಲ ಒಟ್ಟಿಗೆ ಅದುರಿದವು. ಗಾಜಿನಾಚೆ ಬಿಳಿಯ ಚೀಲ ತುಂಬಿ ನಿಂತದ್ದು ಕಂಡಿತೋ ಇಲ್ಲವೋ, ಆಗಲೇ ಕುಸಿಯತೊಡಗಿತ್ತು. ನಂದಿತಾ ಕಂಪ್ಯೂಟರ್ ಪರದೆಯ ಗೆರೆಗಳನ್ನು ಎರಡು ಸಲ ನೋಡಿದರು.

"ಪಟ್ಟಿಗಿಂತ ಚೂರೂ ತಡ ಇಲ್ಲ. ಮುಂದಿನ ಮಾಡೆಲ್ಲಿಗೆ ಇದೇ ಇರಲಿ."

"ಏನಂದ್ರು?" ಕಿವಿ ಗುಂಯ್‌ಗುಡುತ್ತಿದ್ದ ಶಂಭುಲಿಂಗಪ್ಪ ಕೂಗಿ ಕೇಳಿದರು.

"ಇದೇ ಇರಲಿ ಅಂದ್ರು ಸಾರ್."

"ಮತ್ತೆ? ನಾನು ಮೊದ್ಲಿಂದ್ಲೂ ಏನ್ ಹೇಳ್ತಿದ್ದೆ?"

ಬಾಗಿಲ ಬಳಿ ನಂಜೇಶ ಫೋನಿನಲ್ಲಿದ್ದ. "ಚೀಲ ಆರ್ತು ಕಣವ್ವ, ಚೆನ್ನಾಗ್ ಆರ್ತು... ಇಲ್ಲ ಕಣವ್ವ, ನಾನ್ ಕೂತಿರ್ನಿಲ್ಲ... ಯಾರೂ ಕೂತಿರ್ನಿಲ್ಲ."

ಮೋಟಾರು ನಿಲ್ಲಿಸುವುದನ್ನು ಎಲ್ಲರೂ ಮರೆತಿದ್ದರು. ಇನ್ನೂ ಸ್ವಲ್ಪ ತಿರುಗಲಿ ಎಂದು ಕೋಮಲ ಸ್ವಿಚ್ಚಿಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಗಾಜಿನಾಚೆ ಚಕ್ರ ನಿಧಾನವಾಗಿ ಸುತ್ತುತ್ತಿತ್ತು. ಜೋತುಬಿದ್ದ ಬಿಳಿಯ ಬಟ್ಟೆ ಅದರ ಜೊತೆಗೇ ಮೇಲೇರಿ, ಇಳಿದು, ಪ್ರತಿ ಸುತ್ತಿಗೂ ಚೀಲದೊಳಗಿನ ಒಂದಿಷ್ಟು ಪುಡಿಯನ್ನು ನೆಲಕ್ಕೆ ಉದುರಿಸುತ್ತಿತ್ತು.