ಬಂದೂಕಿನ ಉಡಿ

ಮಲಾಡಿನ ಗಜಲಕ್ಷ್ಮಿ ಸೊಸೈಟಿಯಲ್ಲಿ ಯಾರ ಮನೆಗೆ ನೆಂಟರು ಬಂದರೂ ಅವರನ್ನು ಒಮ್ಮೆ ಚಂದ್ರಾಮನ ಮನೆಗೆ ಕರೆತಂದು ಬಂದೂಕು ತೋರಿಸುವುದು ರೂಢಿಯಾಗಿಬಿಟ್ಟಿತ್ತು. ನೆಂಟರು ಕಣ್ಣರಳಿಸಿ ನೋಡುತ್ತಿದ್ದರು, ಇಂದ್ರಾಬಾಯಿ ಚಹಾಕ್ಕಿಡುತ್ತಿದ್ದಳು, ಚಂದ್ರಾಮ ಭಾಷಣ ಬಿಗಿಯುತ್ತಿದ್ದ. ಗಂಡನ ಆ ಭಾಷಣ ಇಂದ್ರಾಬಾಯಿಗೆ ಬಾಯಿಪಾಠ. ನೆಗಡಿಯಾಗಿ ಅವನ ಗಂಟಲು ಕಟ್ಟಿದ ದಿನ ಅಡುಗೆಮನೆಯಿಂದಲೇ ಅವಳು ಉಳಿದರ್ಧ ಹೇಳಿ ಮುಗಿಸಿದ್ದೂ ಉಂಟು.

ಚಂದ್ರಾಮ ಇಂಡಿ ಕಡೆಯವನು. ಫೌಜಿನಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದ ಮೇಲೆ ಲೈಸೆನ್ಸು ಮಾಡಿಸಿ, ಜೋಡುನಳಿಗೆಯ ಬಂದೂಕು ಕೊಂಡು, ಬೊರಿವಲಿಯ ಒಂದು ಬಂಗಾರದ ಅಂಗಡಿಯ ಬಾಗಿಲು ಕಾಯುತ್ತಿದ್ದ. ಸ್ವಂತ ಬಂದೂಕಿದ್ದ ಮಾಜಿ ಸೈನಿಕನಿಗೆ ಮುಂಬಯಿಯಲ್ಲಿ ಕೆಲಸಕ್ಕೆ ಬರವಿಲ್ಲ. ಬಂದೂಕು ಹೋದರೆ ಮಾತ್ರ ಕೆಲಸವೂ ಹೋದಂತೆಯೇ. ಅದನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿಕೊಂಡು ಅವನು ಲೋಕಲ್ ಹತ್ತಿದರೆ, ಉಸಿರಾಡಲು ಜಾಗವಿಲ್ಲದ ಡಬ್ಬಿಯಲ್ಲೂ ಅವನ ಸುತ್ತ ಒಂದಿಷ್ಟು ಗಾಳಿಯಾಡುತ್ತಿತ್ತು.

ಸೊಸೈಟಿಯ ಸೆಕ್ರೆಟರಿ ಕಾಶಿನಾಥ ಧಾರವಾಡದವರು, ಬಹಳ ಅಳ್ಳೆದೆಯವರು. ಗ್ಯಾಸ್ ಸಿಲಿಂಡರ್ ಬದಲಿಸುವಾಗಲೂ ಮನೆಮಂದಿಯನ್ನೆಲ್ಲ ಹೊರಗೆ ನಿಲ್ಲಿಸುವ ಜಾತಿ. ಬಂದೂಕು ಬಿಲ್ಡಿಂಗಿಗೆ ಬಂದ ವಾರದಲ್ಲೇ ಅವರು ಮೀಟಿಂಗು ಕರೆದು, "ನಾಳೆ ಬೆಂಕಿ ಬಿದ್ರ ನಿಮ್ಮ ಕಾರ್ತೂಸು ನಮ್ಮನ್ನೆಲ್ಲ ಜರಡಿ ಮಾಡ್ತಾವಲ್ರಿ?" ಎಂದು ಕೇಳಿದ್ದರು. ಭಾಷಣ ಹುಟ್ಟಿದ್ದೇ ಅಲ್ಲಿ.

"ಕಾರ್ತೂಸಿನ ಜೋರೆಲ್ಲಾ ನಳಿಗ್ಯಾಗ ಇರ್ತದ್ರಿ," ಎಂದಿದ್ದ ಚಂದ್ರಾಮ. "ನಳಿಗಿ ಒಳಗಿದ್ರ ಅದಕ್ಕ ಹೋಗಾಕ ಒಂದ ಹಾದಿ. ಅದಕ್ಕ ಹೊಡಿತದ. ಡಬ್ಬ್ಯಾಗ ಬಿಡಿಯಾಗಿದ್ದದ್ದು ಕಾದ್ರ ಪಟ್ ಅಂತ ಸಿಡಿದು ಅಲ್ಲೇ ಬೀಳ್ತದ, ಒಗ್ಗರಣ್ಯಾಗಿನ ಸಾಸಿವಿ ಇದ್ದಂಗ. ಮಾರಿ ತಂದು ಹಿಡಿದ್ರ ಚುರ್ ಅಂತದ, ಖರೆ. ಆದ್ರ ಗ್ವಾಡಿ ದಾಟಿ ಬರಂಗಿಲ್ಲ. ಡಬ್ಬಿ ಮುಚ್ಚಳಾನೂ ನಾ ಬಿಗಿ ಹಾಕಂಗಿಲ್ಲ. ಬಿಗಿ ಹಾಕಿದ್ರ ಡಬ್ಬೀನ ಸಿಡಿತದ."

"ಮತ್ತ ಬಂದೂಕು?"

"ಮನ್ಯಾಗ ಅದು ಸದಾ ಖಾಲಿ. ಇದು ನನ್ನ ಮಾತು," ಎಂದು ಚಂದ್ರಾಮ ಎದೆ ತಟ್ಟಿಕೊಂಡಿದ್ದ.

ಕಾಶಿನಾಥರು ಎಲ್ಲರೆದುರು ಆ ಮಾತಿನ ಮೇಲೆ ಒಪ್ಪಿದ್ದರು. ಅಂದಿನಿಂದ ಆ ಮಾತೇ ಬಂದೂಕಿಗೆ ಸೊಸೈಟಿಯ ಲೈಸೆನ್ಸು.

ಈ ವರ್ಷವೂ ಖಂಡೇನವಮಿ ಬಂತು. ಇಂದ್ರಾಬಾಯಿಯ ಹೊರಕೋಣೆಯಲ್ಲಿ ಅಂಬಾಭವಾನಿಯ ಘಟದ ಮುಂದೆ ದಸರೆಯ ಮೊದಲ ದಿನ ಹಚ್ಚಿದ ದೀಪ ಆರದೆ ಉರಿಯುತ್ತಿತ್ತು. ಗೋಡೆಗೆ ಹೊಸ ಸೀರೆ, ಅದರ ಮೇಲೆ ಮಲಾಡ್ ಮಾರ್ಕೆಟ್ಟಿನ ಪ್ಲಾಸ್ಟಿಕ್ ತೋರಣ. ಬೆಳಿಗ್ಗೆ ಆಯುಧಗಳನ್ನು ಸಾಲಾಗಿ ಇಟ್ಟರು: ಈಳಿಗೆಮಣೆ, ಕುಡುಗೋಲು, ಮಿಕ್ಸರು, ಮತ್ತೆ ಬಂದೂಕು. ಚಂದ್ರಾಮ ಅದನ್ನು ಎಣ್ಣೆ ಹಚ್ಚಿ ಒರೆಸಿ, ಸ್ಟೂಲಿಗೆ ಆನಿಸಿ ಇಟ್ಟ. ಮನೆ ಇರುವುದೇ ಅಂಗೈಯಗಲ. ಬಂದೂಕಿನ ಬಾಯಿ ಒಂದೋ ದೇವಿಯ ಕಡೆ, ಇಲ್ಲವೇ ಬಾಗಿಲ ಕಡೆ. ದೇವಿಗಂತೂ ಹಿಡಿಯುವಂತಿಲ್ಲ. ಖಾಲಿ ಬಂದೂಕು ತಾನೇ ಎಂದು ಬಾಗಿಲ ಕಡೆ ತಿರುಗಿಸಿ, ಚೆಂಡುಹೂವು ತರಲು ಸ್ಟೇಷನ್ನಿನ ಕಡೆ ಹೊರಟ.

ಅವನು ಲಿಫ್ಟಿನಲ್ಲಿ ಕೆಳಗಿಳಿದದ್ದೇ ತಡ, ಇಂದ್ರಾಬಾಯಿ ತನ್ನ ಕೆಲಸಕ್ಕಿಳಿದಳು. ಖಾಲಿ ಉಡಿ ಅವಳಿಗೆ ಆಗಿಬರುತ್ತಿರಲಿಲ್ಲ. ಮನೆಗೆ ಬಂದ ಯಾವ ಹೆಣ್ಣುಮಗಳನ್ನೂ ಅಕ್ಕಿ, ಕೊಬ್ಬರಿ, ಅರಿಶಿಣಬೇರು ಹಾಕಿ ಉಡಿ ತುಂಬದೆ ಕಳಿಸಿದವಳಲ್ಲ. ದೇವಿಯ ಉಡಿ ತುಂಬಿದಳು. ಕುಡುಗೋಲಿಗೆ ನಿಂಬೆಹಣ್ಣು ಚುಚ್ಚಿದಳು. ಮಿಕ್ಸರಿನ ಜಾರಿಗೆ ಒಂದು ಹಿಡಿ ಜೋಳ ಹಾಕಿದಳು. ಉಳಿದದ್ದು ಬಂದೂಕು. ಹಬ್ಬದ ದಿನ ಮನೆಗೆ ಅನ್ನ ಹಾಕುವ ಆಯುಧವೇ ದೇವಿಯ ಮುಂದೆ ಬರಿಹೊಟ್ಟೆಯಲ್ಲಿ ಕೂತಿರುವುದೆಂದರೇನು? ಗಂಡ ಬಂದೂಕನ್ನು ನಡುವೆ ಬಗ್ಗಿಸಿ ತೆರೆದು ಎಣ್ಣೆ ಹಚ್ಚುವುದನ್ನು ಅವಳು ಎಷ್ಟು ಸಲ ನೋಡಿರಲಿಲ್ಲ! ಸೊಂಟದ ಕೀಲಿಗೊಂಚಲಿನಿಂದ ಅಲ್ಲೇ ಮೂಲೆಯ ಕಪಾಟು ತೆಗೆದು, ಡಬ್ಬಿಯಿಂದ ಎರಡು ಕೆಂಪು ಕಾರ್ತೂಸು ಆರಿಸಿ, ಅವುಗಳ ಬೆನ್ನಿಗೆ ಕುಂಕುಮವಿಟ್ಟು, ನಳಿಗೆಗೊಂದರಂತೆ ಇಳಿಸಿ, ಟಕ್ ಎಂದು ಮುಚ್ಚಿದಳು. ಸಂಜೆ ಆರತಿಯಾದ ಮೇಲೆ ಗಂಡ ಸ್ನಾನಕ್ಕೆ ಹೋದಾಗ ಮತ್ತೆ ತೆಗೆದಿಟ್ಟರಾಯಿತು. ಪ್ರತಿವರ್ಷವೂ ಹೀಗೆಯೇ ನಡೆದಿತ್ತು. ಗಂಡನಿಗೆ ಹೇಳಿರಲಿಲ್ಲ, ಹೇಳಿದರೆ ಭಾಷಣ ಕೇಳಬೇಕಲ್ಲ ಎಂಬುದೊಂದೇ ಕಾರಣ.

ಆಮೇಲೆ ಕುಂಕುಮದ ಭರಣಿ ಹಿಡಿದು, ಮುತ್ತೈದೆ ಊಟಕ್ಕೆ ಹೇಳಿಬರಲು ಕೆಳಗಿನ ಮಾಳಿಗೆಯ ನಾಗರತ್ನಾಳ ಮನೆಗೆ ಹೋದಳು. ಮಾತಿಗೆ ಮಾತು ಬೆಳೆಯಿತು. ನಡುವೆ ಕಮರು ವಾಸನೆ ಬಂದಾಗ, "ಯಾರ ಮನಿ ಹೋಳಿಗಿ ಹೊತ್ತಿತೋ ಏನೋ ನಮ್ಮವ್ವ!" ಎಂದು ಇಬ್ಬರೂ ನಕ್ಕರು. ಹೊತ್ತಿದ್ದು ಇಂದ್ರಾಬಾಯಿಯದೇ ಮನೆಯ ಗೋಡೆಯ ಹೊಸ ಸೀರೆ. ತೋರಣದ ಕುಡಿಯೊಂದು ಕಳಚಿ ದೀಪದ ಮೇಲೆ ಬಿದ್ದಿತ್ತು.

ಮಂದಿಯೆಲ್ಲ ಮೆಟ್ಟಿಲಿಳಿದು ಅಂಗಳ ಸೇರಿದರು. ಯಾರಿಗೂ ಏನೂ ಆಗಿಲ್ಲ ಎಂದು ಕಾಶಿನಾಥರು ತಲೆ ಎಣಿಸಿ, ಸಾಲದೆಂದು ಮತ್ತೊಮ್ಮೆ ಎಣಿಸಿದರು. ಫೈರ್ ಬ್ರಿಗೇಡಿನ ಗಾಡಿಯೂ, ಚೆಂಡುಹೂವಿನ ಚೀಲ ಹಿಡಿದ ಚಂದ್ರಾಮನೂ ಗೇಟಿಗೆ ಒಟ್ಟಿಗೇ ಬಂದರು. ಮೇಲೆ ತನ್ನ ಕಿಟಕಿಯಿಂದ ಹೊಗೆ ಬರುವುದನ್ನು ಕಂಡು ಅವನ ಮುಖ ಒಮ್ಮೆ ಬಿಳುಚಿತು. ಹೆಂಡತಿ ಅಂಗಳದಲ್ಲಿ ನಿಂತಿದ್ದನ್ನು ಕಂಡಮೇಲೆ ಬಣ್ಣ ತಿರುಗಿತು. ಕೂಡಲೇ ಪರೇಡಿಗೆ ನಿಂತವನಂತೆ ನೆಟ್ಟಗಾಗಿ, ಅಧಿಕಾರಿಯ ಮುಂದೆ ಹಿಂದಿಯಲ್ಲಿ ಎಲ್ಲ ವರದಿ ಒಪ್ಪಿಸಿದ. ಕಪಾಟಿನಲ್ಲಿ ಕಾರ್ತೂಸಿನ ಡಬ್ಬಿ ಇದೆ, ಪಟಪಟ ಅಂದೀತು, ಹೆದರಬೇಡಿ ಎಂದ.

ಅಧಿಕಾರಿ ತಲೆಯಾಡಿಸಿದರು. ಅವರಿಗೆ ಇದೆಲ್ಲ ಗೊತ್ತಿದ್ದದ್ದೇ. "ಬಂದೂಕಿನ ಒಳಗೆ?" ಎಂದರು.

"ಖಾಲಿ, ಸಾಹೇಬ. ನನ್ನ ಮಾತು."

ಅಧಿಕಾರಿ ವಾಕಿಟಾಕಿಗೆ ಬಾಯಿ ಹಚ್ಚಿ, ಬಾಗಿಲು ಮುರಿದು ಒಳಗೆ ಹೋಗಿ ಎಂದರು. ಅವರ ಹುಡುಗರು ಆಗಲೇ ಪೈಪು ಹೊತ್ತು ಮೆಟ್ಟಿಲು ಹತ್ತಿದ್ದರು.

ಅಷ್ಟರಲ್ಲಿ ಮೇಲಿನಿಂದ ಪಟ್, ಪಟ್ ಎಂದು ಶುರುವಾಯಿತು. ಮಂದಿ ಕೂಗಾಡಿ ಕಾರುಗಳ ಹಿಂದೆ ಅಡಗಿದರು. ಚಂದ್ರಾಮ ಮಾತ್ರ ನಗುತ್ತ, "ಸಾಸಿವಿ, ಕಾಶಿನಾಥ ರಾವ್, ಬರೇ ಸಾಸಿವಿ," ಎಂದ. ಮನೆ ಸುಡುತ್ತಿರುವಾಗಲೂ ತನ್ನ ಭಾಷಣ ನಿಜವಾಯಿತೆಂಬ ಹೆಮ್ಮೆ ಅವನಿಗೆ!

ಇಂದ್ರಾಬಾಯಿ ಥಟ್ಟನೆ ಮೆಟ್ಟಿಲ ಕಡೆ ತಿರುಗಿದಳು. ಸಾಸಿವೆಯ ಭಾಷಣದ ಮೊದಲ ಸಾಲು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜೋರೆಲ್ಲ ನಳಿಗೆಯಲ್ಲಿ. ನಳಿಗೆಯಲ್ಲಿ ಎರಡು ಕಾರ್ತೂಸು, ನಳಿಗೆಯ ಬಾಯಿ ಬಾಗಿಲಿಗೆ, ಬಾಗಿಲಲ್ಲಿ ಪೈಪು ಹಿಡಿದು ನಿಂತ ಯಾರದೋ ಮಕ್ಕಳು. ಬಾಯಿ ಬಿಟ್ಟರೆ ಗಂಡನ ಮಾತು ಇಡೀ ಸೊಸೈಟಿಯೆದುರು ಮಣ್ಣುಪಾಲು. ಬಂದೂಕು ಹೋಗುತ್ತದೆ, ಕೆಲಸ ಹೋಗುತ್ತದೆ. ಹೆಂಡತಿ ಕೆಡಿಸಿದಳು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಅವಳಿಗೆ ಅಳು ಬಂತು, ಜೊತೆಗೆ ಗಂಡನ ಮೇಲೆ ವಿನಾಕಾರಣ ಸಿಟ್ಟೂ ಬಂತು. ಆದರೂ ಅವಳ ಬಾಯಿ ಅವಳನ್ನು ಕೇಳಿಕೊಂಡು ಕೂರಲಿಲ್ಲ.

"ಖಾಲಿ ಇಲ್ರೀ!" ಎಂದು ಚೀರಿದಳು. "ಉಡಿ ತುಂಬೀನಿ! ಬಂದೂಕಿನ ಉಡಿ ತುಂಬೀನಿ!"

ಅಧಿಕಾರಿಗೆ ಕನ್ನಡ ಬಾರದು. ಇಂದ್ರಾಬಾಯಿ ಅವರ ತೋಳು ಹಿಡಿದೆಳೆದು ತನಗೆ ಬಂದ ಮರಾಠಿಯಲ್ಲಿ, "ಸಾಹೇಬ್, ಬಂದೂಕೀಚೀ ಓಟೀ ಭರಲೀ ಆಹೇ! ದೋನ್! ದಾರಾಕಡೇ ತೋಂಡ್ ಆಹೇ!" ಎಂದು ಎರಡು ಬೆರಳು ತೋರಿಸಿ, ಬಂದೂಕಿನ ಬಾಯಿ ಬಾಗಿಲ ಕಡೆಗಿದೆ ಎಂದು ಕೈ ಮಾಡಿದಳು.

ಖಂಡೇನವಮಿಯ ದಿನ ಮರಾಠಿ ಮನೆಯ ಗಂಡಸಿಗೆ ಓಟಿ, ಅಂದರೆ ಉಡಿ, ತುಂಬುವುದೆಂದರೇನು ಎಂದು ಬಿಡಿಸಿ ಹೇಳಬೇಕೆ? ಬೆಳಿಗ್ಗೆಯಷ್ಟೇ ಅವರ ತಾಯಿಯೂ ದೇವಿಯ ಓಟಿ ತುಂಬಿಯೇ ಅವರನ್ನು ಕೆಲಸಕ್ಕೆ ಕಳಿಸಿದ್ದರೇನೋ. ಅವರು ವಾಕಿಟಾಕಿಯಲ್ಲಿ ಗರ್ಜಿಸಿದರು: ಬಾಗಿಲು ಬಿಡಿ, ಪಕ್ಕಕ್ಕೆ ಸರಿಯಿರಿ, ಗೋಡೆಗೆ ಅಂಟಿಕೊಳ್ಳಿ!

ಅವರ ಮಾತು ಮುಗಿದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮೇಲೆ ಢಂ ಎಂದಿತು. ಬೆನ್ನಿಗೇ ಇನ್ನೊಂದು. ಇದು ಸಾಸಿವೆಯಲ್ಲ ಎಂದು ಅಂಗಳದಲ್ಲಿ ಯಾರಿಗೂ ಹೇಳಬೇಕಾಗಲಿಲ್ಲ. ಇಂದ್ರಾಬಾಯಿ ಸಿಕ್ಕ ದೇವರನ್ನೆಲ್ಲ ಕೂಗಿದಳು. ವಾಕಿಟಾಕಿಯಲ್ಲಿ ಒಬ್ಬ ಹುಡುಗನ ದನಿ ಬಂತು, ಆಮೇಲೆ ಇನ್ನೊಬ್ಬನದು. ಎಲ್ಲರೂ ಇದ್ದಾರೆ, ಬಾಗಿಲಿಗೆ ಮಾತ್ರ ತೂತು ಬಿದ್ದಿದೆ ಎಂದರು.

ಬೆಂಕಿ ಆರಿತು. ಹೊರಕೋಣೆ ಕರಿ ಹಿಡಿದಿತ್ತು, ಒಳಕೋಣೆ ಉಳಿದಿತ್ತು. ಕಪಾಟಿನಲ್ಲಿ ಕಾರ್ತೂಸುಗಳು ಜೋಳದ ಅರಳಿನಂತೆ ಬಾಯಿಬಿಟ್ಟು ಬಿದ್ದಿದ್ದವು. ಒಂದು ಚರೆಗುಂಡೂ ಕಪಾಟು ದಾಟಿರಲಿಲ್ಲ. ಚಂದ್ರಾಮ ಹೇಳಿದ್ದೆಲ್ಲ ಅಕ್ಷರಶಃ ಸರಿಯಾಗಿತ್ತು, ಆದರೆ ಅದನ್ನು ಹೊಗಳುವವರು ಯಾರೂ ಇರಲಿಲ್ಲ. ಎಲ್ಲರ ಕಣ್ಣೂ ಬಾಗಿಲಿನ ಮುಷ್ಟಿಯಗಲದ ತೂತಿನ ಮೇಲೆ. ಮುಂದೆ ನಿಂತಿದ್ದ ಹುಡುಗ ಅದರ ಎದುರು ನಿಂತು ನೋಡಿದ. ಸರಿಯಾಗಿ ಅವನ ಎದೆಯ ಎತ್ತರ. ಅವನು ನೀರು ಕೇಳಿ ಕುಡಿದ.

ಕಾಶಿನಾಥರು ಮುಂದೆ ಬಂದರು. "ಚಂದ್ರಾಮ, ನಿಮ್ಮ ಮಾತಿನ ಮ್ಯಾಲ ನಾವು..."

"ತಪ್ಪು ನಂದ್ರಿ," ಎಂದಳು ಇಂದ್ರಾಬಾಯಿ. "ಅವ್ರಿಗೆ ಗೊತ್ತ ಇರಲಿಲ್ಲ."

ಗಂಡ ಈಗ ಬೈಯುತ್ತಾನೆ, ಎಲ್ಲರೆದುರೇ ಬೈಯುತ್ತಾನೆ ಎಂದು ಅವಳು ಸೆರಗು ಬಿಗಿಹಿಡಿದು ಕಾದಳು. ಚಂದ್ರಾಮನ ಕೈಯಲ್ಲಿ ಚೆಂಡುಹೂವಿನ ಚೀಲ ಇನ್ನೂ ಹಾಗೇ ಇತ್ತು. ಅದನ್ನು ಮೆಲ್ಲಗೆ ಕೆಳಗಿಟ್ಟ.

"ಫೌಜಿನ್ಯಾಗ ಮೊದಲನೇ ದಿನಾನ ಕಲಿಸ್ತಾರ," ಎಂದ. "ನಳಿಗ್ಯಾಗ ಕಣ್ಣಿಟ್ಟು ನೋಡದ ಬಂದೂಕು ಖಾಲಿ ಅನಬ್ಯಾಡ ಅಂತ. ನಾ ಪ್ಯಾಟ್ಯಾಗ ಹೂವ ಆರಿಸ್ಕೋತ ನಿಂತಿದ್ದೆ, ಬಂದು ಖಾಲಿ ಅಂದೆ. ಆ ಹುಡುಗ್ರು ಸತ್ತಿದ್ರ ನನ್ನ ಮಾತಿಗೆ ಸಾಯ್ತಿದ್ರು, ಇಂದ್ರಾ. ನಿನ್ನ ಉಡಿಗಲ್ಲ."

ಇಷ್ಟು ವರ್ಷದ ಸಂಸಾರದಲ್ಲಿ ಅವನು ಭಾಷಣವಿಲ್ಲದೆ ತಪ್ಪೊಪ್ಪಿಕೊಂಡದ್ದನ್ನು ಅವಳು ಕಂಡಿರಲಿಲ್ಲ. ತಡೆಯಲಾರದೆ ಅಲ್ಲೇ ಅತ್ತುಬಿಟ್ಟಳು.

ಮಧ್ಯಾಹ್ನ ಪೊಲೀಸ್ ಇನ್ಸ್‌ಪೆಕ್ಟರು ಬಂದರು. ಬಂದೂಕು ಠಾಣೆಗೆ ಹೋಗುತ್ತದೆ, ಲೈಸೆನ್ಸಿನ ಮಾತು ಆಮೇಲೆ ಎಂದರು. ಬೊರಿವಲಿಯ ಕೆಲಸದ ಮಾತೂ ಅದರ ಹಿಂದೆಯೇ ಹೋಯಿತು. ಅವರ ಜೊತೆಯ ಪೊಲೀಸ್ ಹವಾಲ್ದಾರನೊಬ್ಬ ಮಸಿಹಿಡಿದ ಬಂದೂಕನ್ನು ಹಾವು ಹಿಡಿದಂತೆ ದೂರ ಹಿಡಿದು, "ಈಗ ಖಾಲಿ ಇದೆಯಷ್ಟೇ?" ಎಂದು ಕೇಳಿದ.

ಚಂದ್ರಾಮನ ಕೈ ರೂಢಿಯಂತೆ ಎದೆಯ ಕಡೆ ಏರಿತು. ಅರ್ಧದಲ್ಲೇ ನಿಂತಿತು. ಅವನು ಹೆಂಡತಿಯ ಕಡೆ ತಿರುಗಿ, "ಆಕೀನ ಕೇಳ್ರಿ, ಸಾಹೇಬ," ಎಂದ.

ಇಂದ್ರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದೆ ಬಂದಳು.

"ಮೊದಲ ಅದನ್ನ ತೆರೀರಿ," ಎಂದಳು. "ನೋಡೇ ಹೇಳ್ತೀನಿ."