ಬಾಯಿ ಕಟ್ಟಿದ ಟಿವಿ

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಹೊಲದಿಂದ ಬಂದ ಮುಸುಕಿನ ಜೋಳದ ತೆನೆ ಅಂಗಳದಲ್ಲಿ ಗುಡ್ಡೆ ಬಿದ್ದಿತ್ತು. ಬಿಸಿಲು ಗೋಡೆ ಇಳಿದು ನೆಲ ಮುಟ್ಟುವ ಮೊದಲೇ ಸೊಸೆ ಗೋಣಿತಾಟು ಹಾಸಿಕೊಂಡು ಸಿಪ್ಪೆ ಸುಲಿಯಲು ಕೂತಿದ್ದಳು. ಪಕ್ಕದಲ್ಲಿ ನಾದಿನಿ. ಹಿಂದಿನ ಬೀದಿಯಲ್ಲೇ ಅವಳ ಗಂಡನ ಮನೆ. ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆ ಬಂದು ಸಂಜೆಗೆ ಹೋಗುತ್ತಿದ್ದಳು. ಸಿಪ್ಪೆ ಎಳೆದರೆ ಒಳಗಿನ ಕೂದಲು ಕೈಗೆ ಅಂಟುತ್ತದೆ. ಹುಳು ಹೊಕ್ಕ ತೆನೆಯಾದರೆ ತುದಿಯಲ್ಲಿ ಒದ್ದೆ ಹಿಟ್ಟಿನಂಥ ಹೊಲಸು. ಒಳ್ಳೆಯದು ಒಂದು ಕಡೆ, ಹುಳುಕು ಒಂದು ಕಡೆ. ಕೈ ತನ್ನ ಪಾಡಿಗೆ ಆರಿಸುತ್ತಿತ್ತು. ಸೊಸೆಯ ಕಿವಿ ಮಾತ್ರ ಜಗಲಿಯ ಮೇಲಿತ್ತು.

ಜಗಲಿಯಲ್ಲಿ ಮಾವ ಕೂತಿದ್ದ. ಎರಡೂ ಕಣ್ಣಿಗೆ ಪೊರೆ ಬಂದು, ಒಂದಕ್ಕೆ ಮಾಡಿಸಿದ ಆಪರೇಷನ್ನೂ ಕೆಟ್ಟು, ಈಗ ಬೆಳಕು ಯಾವುದು ಕತ್ತಲೆ ಯಾವುದು ಎನ್ನುವಷ್ಟೇ ಅವನಿಗೆ ತಿಳಿಯುತ್ತಿತ್ತು. ದಾರಿಯಲ್ಲಿ ಯಾರದಾದರೂ ಹೆಜ್ಜೆ ಕೇಳಿಸಿದರೆ ಸಾಕು, ಕೂಗಿ ನಿಲ್ಲಿಸಿ ಅದೇ ಕಥೆ ತೆಗೆಯುತ್ತಿದ್ದ. ಕುರುಡನಿಗೆ ಇದ್ದದ್ದೊಂದು ಟಿವಿ, ಸೊಸೆ ಅದರ ಉಸಿರು ನಿಲ್ಲಿಸಿದಳು. ನೋಡಿ, ಬೊಂಬೆಗಳು ಕುಣಿಯುತ್ತವಂತೆ, ಸದ್ದಿಲ್ಲ.

ಕಥೆ ಹುಟ್ಟುವುದಕ್ಕೆ ಕಾರಣ ಇರಲಿಲ್ಲ ಎನ್ನುವಂತಿಲ್ಲ. ಆ ಟಿವಿ ದಪ್ಪ ಬೆನ್ನಿನ ಹಳೆಯ ಕಾಲದ್ದು. ಬೆಳಕು ಹರಿಯುವ ಮೊದಲೇ ಮಾವ ತಡಕಾಡಿ ಅದನ್ನು ಹಚ್ಚಿ, ಸದ್ದನ್ನು ಮೇಲಿನ ತುದಿಗೆ ಒಯ್ದು ನಿಲ್ಲಿಸುತ್ತಿದ್ದ. ಹವಾಮಾನ, ಮಾರುಕಟ್ಟೆ ಧಾರಣೆ, ಅಳುವ ಧಾರಾವಾಹಿ, ಹಲ್ಲುಪುಡಿ ಮಾರುವವರು, ಎಲ್ಲವೂ ಒಂದೇ ಗಂಟಲಲ್ಲಿ ಅರಚುತ್ತಿದ್ದವು. ಮನೆಯಲ್ಲಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಬಿಚ್ಚುತ್ತಿದ್ದವಳು ಸೊಸೆಯೊಬ್ಬಳೇ. "ಮಾವ, ಹೋಗಿರೋದು ನಿಮ್ಮ ಕಣ್ಣು, ಕಿವಿಯಲ್ಲ" ಎಂದು ದಿನಕ್ಕೊಮ್ಮೆಯಾದರೂ ಅಂದು ಸದ್ದು ಇಳಿಸುತ್ತಿದ್ದಳು. ಅವಳು ಬೆನ್ನು ತಿರುಗಿಸಿದರೆ ಮುದುಕ ಏರಿಸುತ್ತಿದ್ದ. ಒಂದು ಸಂಜೆ ರೇಗಿ ಹೋಗಿ ಎಲ್ಲರೆದುರು, ಒಂದು ದಿನ ಇದರ ಬಾಯಿಗೆ ಬಟ್ಟೆ ತುರುಕುತ್ತೇನೆ ಅಂದುಬಿಟ್ಟಳು. ಆ ವಾರ ಕಳೆಯುವುದರೊಳಗೆ ಟಿವಿ ಮೂಕವಾಯಿತು.

ಸೊಸೆಯ ಗಂಡ ದಾಸ್ತಾನು ಮಳಿಗೆಯಲ್ಲಿ ರಾತ್ರಿ ಕಾವಲಿಗೆ ಹೋಗುವವನು. ಹಗಲೆಲ್ಲ ಒಳಕೋಣೆಯಲ್ಲಿ ಮಲಗುತ್ತಿದ್ದ. ಕೇಬಲ್‌ನವನನ್ನು ಅವನೇ ಕರೆದುಕೊಂಡು ಬಂದ. ಕೇಬಲ್‌ನವನು ಮೂಗಿಗೆ ಕರ್ಚೀಫು ಹಿಡಿದು ಹೊಸ್ತಿಲಲ್ಲೇ ನಿಂತು, ಟಿವಿಯ ಬೆನ್ನ ಹಿಂದೆ ಇಣುಕಿಯೂ ನೋಡದೆ, ಚಿತ್ರ ಬರ್ತಿದೆ ಅಂದ್ಮೇಲೆ ನಮ್ಮ ಲೈನು ಸರಿಯಾಗಿದೆ, ಸ್ಪೀಕರ್ ಸುಟ್ಟಿರಬೇಕು ಅಂದ. ಗಂಡ, ಹೌದು, ಸುಟ್ಟೇ ಇರಬೇಕು ಎಂದು ತಲೆಯಾಡಿಸಿದ. ಪೇಟೆಗೆ ಒಯ್ದು ತೋರಿಸೋಣ ಎಂದು ಸೊಸೆ ಹೇಳಿದರೆ, ಕೊಯ್ಲು ಮುಗಿಯಲಿ ಅಂದ.

ಮಾವನಿಗೆ ಕೇಬಲ್‌ನವನ ಮಾತು ಬೇಕಾಗಿರಲಿಲ್ಲ. ಸೊಸೆ ಬಡಿಸಿದ ತಟ್ಟೆಯನ್ನು ಪಕ್ಕಕ್ಕೆ ತಳ್ಳುತ್ತಿದ್ದ; ಅದೇ ಅನ್ನವನ್ನು ಅದೇ ತಟ್ಟೆಯಲ್ಲಿ ಮಗಳು ತಂದಿಟ್ಟರೆ ಉಣ್ಣುತ್ತಿದ್ದ. ಹಿಂದಿನ ದಿನ, ಇವರ ಮನೆಯ ಹಾಲು ಕೊಂಡು ಊರಲ್ಲಿ ಮಾರುವ ಹಾಲಿನವನ ಎದುರಿಗೂ ಡಂಗುರ ಶುರುವಾದಾಗ ಸೊಸೆ ಹಾಲಿನ ತಂಬಿಗೆ ಕೆಳಗಿಟ್ಟು ಕೇಳಿಯೇ ಬಿಟ್ಟಿದ್ದಳು:

"ಮಾಡಿದ್ದು ನಾನಲ್ಲ ಅಂತ ಗೊತ್ತಾದ್ರೆ ಏನು ಮಾಡ್ತೀರಿ ಮಾವ?"

"ಆಡಿದ ಮಾತು ವಾಪಸ್ ತಗೋತೀನಿ. ಇವನ ಎದುರಿಗೇ ತಗೋತೀನಿ" ಅಂದಿದ್ದ ಮುದುಕ. "ಅದು ನನ್ನ ಮೇಲಿರೋ ಸಾಲ ಅಂತ ತಿಳ್ಕೋ. ಮೊದಲು ನಿನ್ನದಲ್ಲ ಅಂತ ತೋರಿಸು."

ಹಾಲಿನವನು ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಮುದುಕನ ಮಾತಿಗೂ ತಲೆದೂಗಿದ, ಸೊಸೆಯ ಮಾತಿಗೂ ತಲೆದೂಗಿದ. ಹೋಗುವ ದಾರಿಯಲ್ಲಿ ಹಾಲಿನ ಜೊತೆಗೆ ಇದನ್ನೂ ಮನೆ ಮನೆಗೆ ಮುಟ್ಟಿಸಿರುತ್ತಾನೆ ಎನ್ನುವುದರಲ್ಲಿ ಅನುಮಾನವಿರಲಿಲ್ಲ.

ಬಿಸಿಲು ಅಂಗಳಕ್ಕೆ ಬಂತು. ಜಗಲಿಯಲ್ಲಿ ಯಾರೋ ನಿಂತು ಅಯ್ಯೋ ಪಾಪ ಎನ್ನುವುದು ಕೇಳಿಸಿತು. ಸೊಸೆ ಕೈಲಿದ್ದ ತೆನೆಯನ್ನು ಗುಡ್ಡೆಗೆ ಎಸೆದು ಎದ್ದಳು.

ಎಲ್ಲಿಗೆ ಅತ್ತಿಗೆ ಎಂದು ನಾದಿನಿ ಕೇಳಿದಳು. ಟಿವಿ ಹಿಂದೆ ಏನಿದೆ ನೋಡ್ತೀನಿ ಅಂದಳು ಸೊಸೆ. ನಾದಿನಿ ಸುಲಿಯುತ್ತಿದ್ದ ತೆನೆಯನ್ನೇ ನೋಡುತ್ತ, ಕರೆಂಟಿನ ವಸ್ತು, ಸುಮ್ಮನೆ ಯಾಕೆ ಕೈ ಹಾಕ್ತೀರಿ, ಇಷ್ಟೆಲ್ಲ ಸುಲಿಯೋದು ಬಾಕಿ ಇದೆ ಅಂದಳು. ಆದರೂ ಹಿಂದೆಯೇ ಬಂದು ಬಾಗಿಲಿಗೆ ಒರಗಿ ನಿಂತಳು.

ಟಿವಿ ಇದ್ದದ್ದು ನಡುಮನೆಯ ಮೂಲೆಯಲ್ಲಿ, ಕಾಳು ತುಂಬುವ ಹಳೆಯ ಮರದ ಪೆಟ್ಟಿಗೆಯ ಮೇಲೆ. ಅದರ ಬಲಕ್ಕೆ ಮಾವನ ಮಂಚ, ಮಂಚದ ಕೆಳಗೆ ಬೂದಿ ತುಂಬಿದ ಡಬ್ಬ. ಮುದುಕ ಡಬ್ಬಕ್ಕೆಂದು ಉಗುಳಿದ್ದರಲ್ಲಿ ಅರ್ಧ ಗೋಡೆಗೂ ಪೆಟ್ಟಿಗೆಯ ಮಗ್ಗುಲಿಗೂ ಹೋಗುತ್ತಿತ್ತು. ಒಣಗಿದ ಕಫ ಹರಳಿನಂತೆ ಮಿಣುಗುತ್ತಿತ್ತು. ಡಬ್ಬ ತೊಳೆಯುವುದು ಸೊಸೆಯ ಕೆಲಸ. ಅದಕ್ಕೆ ಅವಳ ಮೂಗು ಒಗ್ಗಿಹೋಗಿತ್ತು. ಟಿವಿಯ ಹಿಂದಿನ ಸಂದಿಗೆ ಮಾತ್ರ ಅವಳೂ ಕೈ ಹಾಕಿದವಳಲ್ಲ.

ಟಿವಿಯನ್ನು ತುಸು ತಿರುಗಿಸಿದ್ದೇ ತಡ, ಜಿರಳೆಗಳು ಚದುರಿ ಅವಳ ಮೊಣಕೈಯ ಮೇಲೆ ಹತ್ತಿದವು. ಒಂದು ರವಿಕೆಯ ತೋಳಿನೊಳಗೆ ನುಗ್ಗಿತು. ಕೊಡವಿಕೊಂಡು, ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಮತ್ತೆ ಬಗ್ಗಿದಳು. ಇಲಿ ಹಿಕ್ಕೆ, ಹಲ್ಲಿಮೊಟ್ಟೆಯ ಸಿಪ್ಪೆ, ಎಣ್ಣೆ ಕುಡಿದ ಧೂಳು ಕೂದಲಿನ ಜೊತೆ ಗಂಟು ಬಿದ್ದು ಕಂಬಳಿಯಂತಾಗಿತ್ತು. ಅದರ ನಡುವೆ ಸತ್ತ ಇಲಿಮರಿಯೊಂದು ಗೋಡೆಗೆ ಅಂಟಿ ಚಪ್ಪಟೆಯಾಗಿತ್ತು. ಅವಳು ಹಿತ್ತಲಿಗೆ ಓಡಿ ಹುಳಿನೀರು ಕಾರಿ, ಬಾಯಿ ಮುಕ್ಕಳಿಸಿ, ಪೊರಕೆ ಮತ್ತು ಒದ್ದೆ ಬಟ್ಟೆ ಹಿಡಿದು ವಾಪಸಾದಳು. ನಾದಿನಿ ಮೂಗು ಹಿಡಿದು ನಿಂತಿದ್ದಳೇ ಹೊರತು ಒಂದು ಮೊರವನ್ನೂ ತಂದುಕೊಡಲಿಲ್ಲ.

ಕಸ ತೆಗೆದ ಮೇಲೆ ತಂತಿಗಳು ಕಂಡವು. ಸೊಸೆ ಟಿವಿ ರಿಪೇರಿ ಕಲಿತವಳೇನಲ್ಲ. ಆದರೆ ಹೊಲದಲ್ಲಿ ನೀರು ಕಾಲುವೆಯ ಕೊನೆಗೆ ಬಾರದಿದ್ದರೆ ಎಲ್ಲಿ ನಿಂತಿದೆ ಎಂದು ಬಾವಿಯ ತನಕ ನಡೆದು ನೋಡುವುದು ಗೊತ್ತಿದ್ದವಳು. ಇದನ್ನೂ ಹಾಗೇ ನೋಡಿದಳು. ಹೊರಗಿನ ಕಂಬದಿಂದ ಬಂದ ಕರಿಯ ಕೇಬಲ್ಲು, ಕೇಬಲ್‌ನವನು ಕೊಟ್ಟಿದ್ದ ಸಣ್ಣ ಪೆಟ್ಟಿಗೆಯೊಂದಕ್ಕೆ ಸೇರುತ್ತಿತ್ತು. ಆ ಪೆಟ್ಟಿಗೆಯಿಂದ ಹಳದಿ, ಕೆಂಪು, ಬಿಳಿ ಮೂರು ತಂತಿ ಟಿವಿಗೆ. ಪೆಟ್ಟಿಗೆಯಿಂದ ಟಿವಿಗೆ ಮಾತು ಹೋಗುವುದು ಈ ಮೂರರಲ್ಲೇ. ಟಿವಿ ಹಚ್ಚಿ ಹಳದಿಯನ್ನು ಎಳೆದಳು, ಚಿತ್ರ ಹೋಯಿತು. ಮತ್ತೆ ಸಿಕ್ಕಿಸಿದಳು, ಬಂತು. ಹಾಗಾದರೆ ಹಳದಿ ಚಿತ್ರದ್ದು, ಉಳಿದವೆರಡು ಸದ್ದಿನವು. ಇಲಿ ಕಡಿದಿದೆಯೇನೋ ಎಂದು ಎರಡನ್ನೂ ಬೆರಳಲ್ಲಿ ಸವರಿ ನೋಡಿದಳು. ಕೆಂಪು ತಂತಿಯ ಮೈ ಒಂದು ಕಡೆ ಕಚ್ಚಿದ ಹಾಗಿತ್ತು. ಸಿಕ್ಕಿತು ಅಂದುಕೊಂಡು, ಹಳದಿ ತಂತಿಯನ್ನು ಪೂರ್ತಿ ಬಿಚ್ಚಿ, ಅದರ ಜಾಗದಲ್ಲಿ ಎರಡೂ ಕಡೆ ಕೆಂಪನ್ನು ಸಿಕ್ಕಿಸಿದಳು. ಚಿತ್ರ ಚೆನ್ನಾಗಿಯೇ ಬಂತು. ತಂತಿ ಸತ್ತಿರಲಿಲ್ಲ. ಬಿಳಿಯದನ್ನೂ ಹಾಗೆಯೇ ನೋಡಿದಳು, ಅದೂ ಬದುಕಿತ್ತು.

ಇನ್ನು ಆ ಸಣ್ಣ ಪೆಟ್ಟಿಗೆಯದೇ ತಪ್ಪಿರಬಹುದು. ಎಲ್ಲ ತಂತಿ ಕಿತ್ತು ಬರೀ ಟಿವಿಯನ್ನೇ ಹಚ್ಚಿದಳು. ಹಾಗೆ ಹಚ್ಚಿದರೆ ಅದು ತೆರೆಯ ತುಂಬ ಬಿಳಿ ಚುಕ್ಕೆ ಎರಚಿ ಬುಸ್ಸೆಂದು ಕಿರುಚಬೇಕು. ಕರೆಂಟು ಹೋಗಿ ಬಂದಾಗಲೆಲ್ಲ ಕೇಳಿದ್ದ ಸದ್ದು ಅದು. ಚುಕ್ಕೆ ಕುಣಿದವು. ಬುಸ್ ಎನ್ನಲಿಲ್ಲ. ಅಂದರೆ ಕೇಬಲ್ಲಿನ ತಪ್ಪಲ್ಲ, ತಂತಿಯದಲ್ಲ, ಪೆಟ್ಟಿಗೆಯದೂ ಅಲ್ಲ. ಏನಿದ್ದರೂ ಟಿವಿಯ ಹೊಟ್ಟೆಯಲ್ಲೇ.

ಸ್ಪೀಕರ್ ಸುಟ್ಟದ್ದೇ ನಿಜವೇನೋ ಎಂದು ಕೈ ಚೆಲ್ಲುವುದರಲ್ಲಿದ್ದಳು. ಗೋಡೆಯ ಕಡೆಗಿದ್ದ ಟಿವಿಯ ಮಗ್ಗುಲನ್ನು ಬಟ್ಟೆಯಿಂದ ಒರೆಸುವಾಗ ಬೆರಳಿಗೆ ಏನೋ ತಡೆಯಿತು. ಅಲ್ಲಿ ಒಂದು ಸಣ್ಣ ತೂತು, ಪಕ್ಕದಲ್ಲಿ ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನಿನ ಚಿತ್ರ. ಇಯರ್‌ಫೋನ್ ಸಿಕ್ಕಿಸಿದರೆ ಮೊಬೈಲು ಹೊರಗೆ ಮಾತಾಡುವುದಿಲ್ಲ, ಕಿವಿಗಷ್ಟೇ ಮಾತಾಡುತ್ತದೆ. ಅದನ್ನು ಅವಳು ದಿನಾ ನೋಡುತ್ತಿದ್ದಳು. ಇಲ್ಲಿ ಇಯರ್‌ಫೋನ್ ಇರಲಿಲ್ಲ. ಆದರೆ ತೂತು ಖಾಲಿಯೂ ಇರಲಿಲ್ಲ. ಕರಿಯ ಅಂಟುಪಟ್ಟಿಯ ಚೂರೊಂದು ಅದರ ಬಾಯಿಗೆ ಮೆತ್ತಿತ್ತು. ಉಗುರಿನಿಂದ ಕೆರೆದಳು. ಒಳಗೆ ಇಯರ್‌ಫೋನಿನ ಪಿನ್ನು, ವೈರನ್ನೂ ಹಿಡಿಕೆಯನ್ನೂ ಬ್ಲೇಡಿನಿಂದ ಸವರಿ ಬುಡದವರೆಗೆ ಒತ್ತಿದ್ದು, ಕೂತಿತ್ತು. ಕೊಯ್ದ ಜಾಗ ಇನ್ನೂ ಹೊಸದಾಗಿ ಹೊಳೆಯುತ್ತಿತ್ತು.

ಇಲಿ ಇಂಥ ಕೆಲಸ ಮಾಡುವುದಿಲ್ಲ.

"ಅದಿರ್ಲಿ ಬಿಡಿ ಅತ್ತಿಗೆ" ಎಂದು ನಾದಿನಿ ಬಾಗಿಲಿನಿಂದ ಮೆಲ್ಲಗೆ ಹೇಳಿದಳು.

ಅವಳು ನಿಂತ ಕಡೆಯಿಂದ ಆ ತೂತು ಕಾಣಿಸುವ ಹಾಗೇ ಇರಲಿಲ್ಲ.

ಸೊಸೆ ತಿರುಗಿ ನೋಡಿದಳು. "ಯಾವುದು ಇರ್ಲಿ?"

ನಾದಿನಿ ಬಳೆ ತಿರುಗಿಸಿಕೊಂಡಳು. ಅಣ್ಣ ಯಾರಿಗೂ ಹೇಳಬೇಡ ಅಂದಿದ್ದ, ಅವನಿಗೂ ಹಗಲು ನಿದ್ದೆ ಬೇಡವಾ, ಎರಡು ದಿನ ಕೂಗಾಡಿ ಅಪ್ಪ ಸುಮ್ಮನಾಗುತ್ತಾನೆ ಅಂದುಕೊಂಡಿದ್ವಿ, ಹೀಗೆ ಬೆಳೆಯುತ್ತೆ ಅಂತ ಯಾರಿಗೆ ಗೊತ್ತಿತ್ತು ಎಂದು ಒಂದೇ ಉಸಿರಿಗೆ ಅಂದಳು. ಅಂದುಕೊಂಡಿದ್ವಿ ಎಂಬ ಮಾತು ಸೊಸೆಯ ಕಿವಿಯಲ್ಲಿ ಉಳಿಯಿತು. ಇಷ್ಟು ದಿನ ತಾನು ಬಡಿಸಿದ ತಟ್ಟೆಯನ್ನು ಎತ್ತಿಕೊಂಡು ಹೋಗಿ, ಉಣ್ಣಪ್ಪಾ, ಇದು ನಾನು ಬಡಿಸಿದ್ದು ಎಂದು ಮುದ್ದು ಮಾಡಿ ಉಣಿಸಿದವಳು ಇವಳೇ.

ಸೊಸೆ ಇಕ್ಕಳ ತಂದು ಅದರ ತುದಿಯಿಂದ ಪಿನ್ನನ್ನು ಹಿಡಿದು ಎಳೆದಳು. ಟಿವಿ ಬುಸ್ಸೆಂದು ಮನೆ ಬಿರಿಯುವ ಹಾಗೆ ಕಿರುಚಿತು. ಸದ್ದು ಬರಲಿಲ್ಲವೆಂದು ಮುದುಕ ಅದನ್ನು ತುದಿಗೆ ಏರಿಸಿಟ್ಟದ್ದು ಹಾಗೇ ಇತ್ತು. ಜಗಲಿಯಲ್ಲಿ ಕೋಲು ಬಿದ್ದ ಸಪ್ಪಳ. ಒಳಕೋಣೆಯಿಂದ ಗಂಡ ಲುಂಗಿ ಕಟ್ಟಿಕೊಳ್ಳುತ್ತ ಹೊರಗೆ ಬಂದ. ತಿರುಗಿಸಿಟ್ಟ ಟಿವಿಯನ್ನೂ ಹೆಂಡತಿಯ ಅಂಗೈಯಲ್ಲಿದ್ದುದನ್ನೂ ನೋಡಿದ. ಟಿವಿಯ ಗುಂಡಿ ಒತ್ತಿ ಆರಿಸಿದ.

"ಇದಕ್ಕೆಲ್ಲ ಯಾಕೆ ಕೈ ಹಾಕೋಕೆ ಹೋದೆ?" ಅಂದ.

"ನನ್ನ ಹೆಸರು ಊರೆಲ್ಲ ಹರಾಜಾಗ್ತಿತ್ತು. ಕೇಳಿಸ್ತಿರಲಿಲ್ವಾ ನಿಮಗೆ?"

"ಅಪ್ಪನಿಗೆ ಎದುರು ಹೇಳೋಕಾಗುತ್ತಾ?" ಅವನು ಎದೆ ಕೆರೆದುಕೊಂಡ. "ಹೇಗೂ ನೀನು ಬಟ್ಟೆ ತುರುಕ್ತೀನಿ ಅಂದಿದ್ದೆಯಲ್ಲ."

ಹೇಗೂ. ಅಷ್ಟು ಸಲೀಸಾಗಿ ಅಂದ. ಅವಳು ಆಡಿದ ಸಿಟ್ಟಿನ ಮಾತನ್ನು ಎತ್ತಿಟ್ಟುಕೊಂಡು, ಅದರ ಮರೆಯಲ್ಲಿ ಬ್ಲೇಡು ಹಿಡಿದು ಕೂತಿದ್ದ. ಆಮೇಲೆ ಕೇಬಲ್‌ನವನನ್ನು ಕರೆತಂದು ತಲೆಯಾಡಿಸಿದ್ದ. ಅವಳ ತಟ್ಟೆ ದಿನಾ ಪಕ್ಕಕ್ಕೆ ಸರಿಯುವುದನ್ನು ಎದುರಿಗೆ ಕೂತು ನೋಡುತ್ತ ತನ್ನ ಪಾಲಿನದನ್ನು ಉಂಡೆದ್ದಿದ್ದ. ಅವಳಿಗೆ ಅವನ ಎಣ್ಣೆ ಹಿಡಿದ ಹಣೆ, ಕೆರೆದುಕೊಳ್ಳುತ್ತಿದ್ದ ಬೆರಳು, ನಿದ್ದೆಯ ಬಾಯಿಯ ವಾಸನೆ ಒಟ್ಟಿಗೆ ತಾಗಿದವು. ಹಿಕ್ಕೆ ಬಳಿದದ್ದು ಅವಳ ಕೈಗೆ, ಆದರೂ ಅದನ್ನು ಅವನಿಗೆ ತಾಗದಂತೆ ಹಿಂದಕ್ಕೆ ಎಳೆದುಕೊಂಡು ಜಗಲಿಗೆ ನಡೆದಳು.

ಮಾವನ ಅಂಗೈ ಬಿಡಿಸಿ ಪಿನ್ನನ್ನು ಅದರಲ್ಲಿಟ್ಟಳು. ಇದು ಎಲ್ಲಿತ್ತು, ಇದರಿಂದ ಏನಾಗಿತ್ತು, ಯಾರು ಇಟ್ಟರು ಎಂದು ಒಂದೊಂದಾಗಿ, ದನಿ ಏರಿಸದೆ ಹೇಳಿದಳು. ಮುದುಕ ಪಿನ್ನನ್ನು ಹೆಬ್ಬೆರಳಿನಿಂದ ಉರುಳಿಸಿ ಉರುಳಿಸಿ ನೋಡಿದ. ಮುಖ ಸಿಟ್ಟಿನಿಂದ ಕೆಂಪಾಗುತ್ತದೆ ಎಂದು ಅವಳು ಕಾದಳು.

"ಅವನಾ?" ಅಂದ. "ಪಾಪ, ರಾತ್ರಿಯೆಲ್ಲ ಎದ್ದಿರೋನು. ನಿದ್ದೆ ಬೇಡವಾ ಅವನಿಗೆ?"

ಒಳಗೆ ಹೋಗಿ ತಂತಿ ಸಿಕ್ಕಿಸಿ ಟಿವಿ ಹಚ್ಚಲು ಹೇಳಿದ. ಅವಳು ಹಚ್ಚಿದಳು. ಮುದುಕ ಗೋಡೆ ಹಿಡಿದು ಬಂದು, ತಾನೇ ಸದ್ದನ್ನು ಇಳಿಸಿದ, ಇನ್ನೂ ಇಳಿಸಿದ, ಒಳಕೋಣೆಯ ನಿದ್ದೆ ಕೆಡದಷ್ಟು ಮಾಡಿದ. ವರ್ಷಗಟ್ಟಲೆ ಅವಳು ಬೇಡಿ, ಬೈದು, ಜಗಳವಾಡಿ ಕೇಳಿದ್ದು ಇಷ್ಟನ್ನೇ. ಒಳಕೋಣೆಯ ಬಾಗಿಲು ಮುಚ್ಚಿಕೊಂಡಿತು. ನಾದಿನಿ ಅಂಗಳಕ್ಕೆ ಹೋಗಿ ಏನೂ ಆಗಿಲ್ಲವೆನ್ನುವಂತೆ ಸುಲಿಯತೊಡಗಿದ್ದಳು.

ಸೊಸೆ ಸೋಪು ಹಚ್ಚಿ ಕೈ ತೊಳೆದಳು, ಮತ್ತೆ ತೊಳೆದಳು, ನಾದಿನಿಗೆ ಬೆನ್ನು ಹಾಕಿ ಗುಡ್ಡೆಯ ಇನ್ನೊಂದು ಮಗ್ಗುಲಿಗೆ ಕೂತಳು.

ಸಂಜೆ ಹಾಲಿನವನು ಬಂದ. ಟಿವಿಯ ಮೆಲುದನಿ ಕೇಳಿ, ಓಹೋ, ಬಾಯಿ ಬಂತಲ್ಲ ಅಜ್ಜನ ಟಿವಿಗೆ ಅಂದ. ಸೊಸೆ ತಂಬಿಗೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಅವನ ಕ್ಯಾನಿಗೆ ಹಾಲು ಸುರಿಯಲಿಲ್ಲ.

"ಬಂತಪ್ಪ" ಅಂದ ಮುದುಕ, ನಡುಮನೆಯ ಮಂಚದಿಂದಲೇ. "ನನ್ನ ಮಗ ಸರಿ ಮಾಡಿದ."

ಆ ಹೊತ್ತಿಗೆ ಗಂಡ ಕಾವಲಿಗೆ ಹೊರಡಲು ಬ್ಯಾಟರಿ ಹಿಡಿದು ಬಾಗಿಲಿಗೆ ಬಂದಿದ್ದ. ಅಪ್ಪನ ಮಾತು ಕೇಳಿಸಿಕೊಂಡು ತಲೆ ಬಗ್ಗಿಸಿ ಚಪ್ಪಲಿ ಹುಡುಕಿದ.

"ಮಾವ" ಅಂದಳು ಸೊಸೆ, "ಹಾಲಿನವರ ಎದುರಿಗೆ ಒಂದು ಮಾತು ವಾಪಸ್ ತಗೋತೀನಿ ಅಂದಿದ್ರಿ. ಸಾಲ ಅಂದಿದ್ರಿ."

ಮುದುಕ ಅವಳ ದನಿ ಬಂದ ಕಡೆಗೆ ಬಿಳಿಯ ಕಣ್ಣು ತಿರುಗಿಸಿದ. "ಆಗಿದ್ದು ಆಗಿಹೋಯ್ತು. ಟಿವಿ ಮಾತಾಡ್ತಿದೆ, ನನಗಿಲ್ಲದ ತಕರಾರು ನಿನಗ್ಯಾಕಮ್ಮ?"

ಹಾಲಿನವನು ಅದಕ್ಕೂ ತಲೆದೂಗಿ, ಕತ್ತಲಾಗುತ್ತೆ, ಹಾಲು ಸುರೀಯಮ್ಮ ಅಂದ. ಅವಳು ಇನ್ನೊಂದು ಗಳಿಗೆ ಕಾದಳು. ಮುದುಕ ಆಗಲೇ ಮಾರುಕಟ್ಟೆ ಧಾರಣೆಗೆ ಕಿವಿ ಕೊಟ್ಟಿದ್ದ. ಸೊಸೆ ಹಾಲು ಸುರಿದಳು. ಹೊರಡುವ ಮುಂಚೆ ಗಂಡ, ಒಂದು ಲೋಟ ಚಹಾ ಕೊಟ್ಟಿದ್ದರೆ ಚೆನ್ನಾಗಿತ್ತು ಎಂದು ಯಾರಿಗೆಂದಿಲ್ಲದೆ ಗೊಣಗಿದ. ಅವಳು ಅವನ ಕಡೆ ನೋಡದೆ ಮೆಟ್ಟಿಲಿಳಿದು, ಉಳಿದ ಬೆಳಕಿನಲ್ಲಿ ಹುಳುಕು ತೆನೆಗಳನ್ನು ಬುಟ್ಟಿಗೆ ತುಂಬಿಕೊಂಡು, ದನಕ್ಕೆ ಹಾಕಲು ಕೊಟ್ಟಿಗೆಯ ಕಡೆ ಹೊರಟಳು.