ಬಕ್ಕೇಶನ ನಾಲಿಗೆ

ತಾನು ಮಾತು ಕಡಿಮೆಯವಳು ಎಂಬುದು ರೂಪಶ್ರೀಗೆ ಹೊಸ ಸಂಗತಿಯೇನಲ್ಲ. ಆದರೆ ತಾನು ನೋಡಿಕೊಳ್ಳುವ ಎರಡೂವರೆ ವರ್ಷದ ಬಕ್ಕೇಶನಿಗೂ ತನ್ನ ಮೂಕತನವೇ ಅಂಟಿತೇನೋ ಎಂಬ ಅಳುಕು ಈಚೆಗೆ ಶುರುವಾಗಿತ್ತು. ಹರಿಹರದಿಂದ ದಾವಣಗೆರೆಗೆ ಕೆಲಸಕ್ಕೆ ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅದನ್ನೇ ಮೆಲುಕು ಹಾಕುವಳು. ಹೇಳಿಕೊಳ್ಳಲು ಯಾರೂ ಇರಲಿಲ್ಲ; ಇದ್ದರೂ ಹೇಳುತ್ತಿದ್ದಳೇ?

ವಿನೋಬನಗರದಲ್ಲಿ ಆಶಾರಾಣಿಯವರ ಪ್ಲೇಹೋಮ್ ಭಾರಿ ಹೆಸರು ಮಾಡಿತ್ತು. ಗೋಡೆಯ ತುಂಬ ಜಿರಾಫೆ, ನೆಲದ ತುಂಬ ರಬ್ಬರ್ ಚಾಪೆ, ಮತ್ತು ಒಂದೇ ಒಂದು ಕಟ್ಟಳೆ: ಒಳಗೆ ಕಾಲಿಟ್ಟ ಮೇಲೆ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ. ಮಕ್ಕಳಿಗಷ್ಟೇ ಅಲ್ಲ, ನೋಡಿಕೊಳ್ಳುವವರಿಗೂ. ಆಯಾ ತಿಪ್ಪಮ್ಮ ಆವರಗೆರೆಯವಳು. ಆಕೆಯ ಇಂಗ್ಲಿಷ್ ಬಸ್ಸು, ಟಿಕೇಟಿನಾಚೆ ಹೋದದ್ದಲ್ಲ. ಹಾಗಾಗಿ ಅನ್ನ ಉಣಿಸುವಾಗ, ಚಡ್ಡಿ ಬದಲಿಸುವಾಗ ತುಟಿ ಬಿಗಿಹಿಡಿದೇ ಇರಬೇಕು. ಒಮ್ಮೆ ಬಾಯಿತಪ್ಪಿ 'ಬಾರೋ ನಮ್ಮಪ್ಪ' ಎಂದದ್ದಕ್ಕೆ ಬಂದವರೆದುರೇ ಬೈಸಿಕೊಂಡಿದ್ದಳು. ಆಶಾರಾಣಿಯವರ ಸ್ವಂತ ಇಂಗ್ಲಿಷಾದರೂ 'ಸಿಟ್', 'ನೋ', 'ವೆರಿ ಗುಡ್' ದಾಟುತ್ತಲೇ ಏದುಸಿರು ಬಿಡುತ್ತಿತ್ತು. ಉಳಿದ ಹೊತ್ತನ್ನೆಲ್ಲ ಟಿವಿಗೆ ವಹಿಸಿಬಿಟ್ಟಿದ್ದರು. ಮಕ್ಕಳ ಬೆಳವಣಿಗೆಯ ಬಗ್ಗೆಯೇ ಓದಿ ಡಿಗ್ರಿ ಪಡೆದು ಇಲ್ಲಿಗೆ ಕೆಲಸಕ್ಕೆ ಬಂದ ರೂಪಶ್ರೀಗೆ ಮೊದಮೊದಲು ಇದು ಹಾಯೆನಿಸಿತ್ತು. ಸಂಬಳ ಕೊಟ್ಟು ಸುಮ್ಮನಿರಲು ಹೇಳುವ ಕೆಲಸ ಇನ್ನೆಲ್ಲಿ ಸಿಗುತ್ತದೆ?

ಹೆತ್ತವರಂತೂ ಮೊಬೈಲಿನಲ್ಲಿ ಕ್ಯಾಮೆರಾ ನೋಡಿ ಹಿಗ್ಗುತ್ತಿದ್ದರು. ಗದ್ದಲವಿಲ್ಲ, ಅಳುವಿಲ್ಲ, ಅಂಗಡಿಯ ಗಾಜಿನೊಳಗಿನ ಗೊಂಬೆಗಳಂತೆ ಮಕ್ಕಳು ಸಾಲಾಗಿ ಕೂತಿವೆ. ಬಕ್ಕೇಶನ ಅಪ್ಪ ರುದ್ರಮುನಿ ಬಟ್ಟೆ ವ್ಯಾಪಾರಿ. ಸೀರೆಯ ಜೊತೆ ಗಿರಾಕಿಗಳಿಗೆ ಆ ಮೊಬೈಲ್ ದೃಶ್ಯವನ್ನೂ ಬಿಚ್ಚಿ ತೋರಿಸುತ್ತಿದ್ದರಂತೆ. ದೇವರ ಹೆಸರಿಟ್ಟಿದ್ದ ಮಗನನ್ನು ಆಶಾರಾಣಿ 'ಬಾಬಿ' ಮಾಡಿದಾಗಲೂ ಅವರು ಬೀಗಿದರೇ ಹೊರತು ಬೇಡವೆನ್ನಲಿಲ್ಲ. ಮನೆಯಲ್ಲೂ ಇಂಗ್ಲಿಷೇ ಇರಲಿ ಎಂದು ಅಪ್ಪಣೆಯಾದ ಮೇಲೆ ಗಂಡಹೆಂಡಿರಿಬ್ಬರೂ ಮಗುವಿನ ಮುಂದೆ ಬಾಯಿ ಹೊಲಿದುಕೊಂಡರು.

ನೆರೆಮನೆಗಳ ವಾರಿಗೆಯ ಮಕ್ಕಳು ಸೂರು ಹಾರಿಹೋಗುವಂತೆ ಕಿರುಚಾಡುತ್ತಿದ್ದರೆ ಬಕ್ಕೇಶ 'ಅಮ್ಮ' ಎಂದೂ ಅನ್ನಲಿಲ್ಲ. ಕಿವಿಯ ಪರೀಕ್ಷೆಯಾಯಿತು, ಊನವೇನೂ ಇರಲಿಲ್ಲ. ಆಗ ಆಶಾರಾಣಿ ಮಗುವಿನ ಬಾಯಿ ತೆರೆಸಿ, ಸೆರಗಿನ ಅಂಚು ತಿರುವಿ ನೋಡುವವರಂತೆ ನೋಡಿ, ನಾಲಿಗೆ ಕೆಳಗೆ ಅಂಟಿಕೊಂಡಿದೆ, ಕುಯ್ಯಿಸಿದರೆ ಸರಿಹೋಗುತ್ತದೆ ಎಂದು ತೀರ್ಪು ಕೊಟ್ಟರು. ಗೋಡೆಯ ಮೇಲೆ ಅಷ್ಟು ಜಿರಾಫೆ ಬರೆಸಿದವರಿಗೆ ಇಷ್ಟೂ ಗೊತ್ತಿರುವುದಿಲ್ಲವೇ? ಅವರ ಪರಿಚಯದ ಡಾಕ್ಟರ ಬಳಿ ಸೋಮವಾರಕ್ಕೆ ನಿಕ್ಕಿಯಾಯಿತು.

ಹಿಂದಿನ ದಿನ, ಭಾನುವಾರ, ಹರಿಹರದಲ್ಲಿ ಅಜ್ಜಿ ಗುರುಶಾಂತಮ್ಮನ ಮನೆಯಲ್ಲಿ ಎಲ್ಲರೂ ಸೇರಿದರು. ಕತ್ತರಿಗೆ ಮುಂಚೆ, ಮಾತು ಬರಲೆಂದು ಬಜೆ ಬೇರು ತೇಯ್ದು ಜೇನಿನಲ್ಲಿ ನಾಲಿಗೆಗೆ ಹಚ್ಚಲೇಬೇಕೆಂಬುದು ಅಜ್ಜಿಯ ಹಟ. ಆಶಾರಾಣಿ ಮುಖ್ಯ ಅತಿಥಿಯಂತೆ ಬಂದು ಕುರ್ಚಿ ತುಂಬಿದ್ದರು. ಅದೇ ಓಣಿಯವಳೆಂದು ರೂಪಶ್ರೀಯನ್ನೂ ಕರೆದಿದ್ದರು. ಅವಳು ಬಾಗಿಲ ಮರೆಯಲ್ಲಿ ಅರ್ಧ ಕಾಣುವಂತೆ ನಿಂತಳು.

ಅಜ್ಜಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಜೆ ಹಚ್ಚುತ್ತ ಒಂದೇ ಸಮ ಹರಟುತ್ತಿದ್ದಳು. "ಖಾರ ಐತೇನೋ ನನ್ನ ದೊರೆ? ಮುಖ ಯಾಕ ಹಂಗ್ ಮಾಡ್ತೀ? ನಿಮ್ಮಪ್ಪನೂ ಹಿಂಗೇ ಕಿವುಚ್ತಿದ್ದ, ಕಳ್ಳ."

ಮಗು ಅವಳ ತುಟಿಯನ್ನೇ ನೋಡಿತು. ಕೈಯೆತ್ತಿ ಆ ತುಟಿ ಮುಟ್ಟಿ, "ಕಾ" ಎಂದಿತು.

ರೂಪಶ್ರೀ ಬಾಗಿಲ ಮರೆಯಿಂದ ಕತ್ತು ಚಾಚಿದಳು. ಬೇರೆ ಯಾರೂ ಕೇಳಿಸಿಕೊಂಡಂತಿರಲಿಲ್ಲ.

"ಅಜ್ಜೀರೇ, ಕನ್ನಡ ಬ್ಯಾಡ್ರಿ," ಎಂದರು ಆಶಾರಾಣಿ. "ಬಾಬಿಗೆ ಕನ್‌ಫ್ಯೂಸ್ ಆಗ್ತೈತೆ."

"ಹಂಗಾರೆ ನೀವೇ ಇಂಗ್ಲಿಷ್ನಾಗೆ ಮುದ್ದು ಮಾಡ್ರಿ, ನೋಡೋಣ," ಎಂದಳು ಗುರುಶಾಂತಮ್ಮ.

ಆಶಾರಾಣಿ ಮುಂದೆ ಬಗ್ಗಿ, "ಬಾಬಿ, ಸಿಟ್," ಎಂದರು. ಮಗು ಕೂತೇ ಇತ್ತು. "ವೆರಿ ಗುಡ್," ಎಂದು ಹಿಂದಕ್ಕೊರಗಿದರು. ರುದ್ರಮುನಿ ಮೆಚ್ಚಿ ತಲೆದೂಗಿದರು.

ಮಾತು ನಾಳೆಯ ಕಡೆಗೆ ಹೊರಳಿತು. ಎಷ್ಟೊತ್ತಿಗೆ ಹೊರಡುವುದು, ಮಗುವನ್ನು ಯಾರು ಅದುಮಿ ಹಿಡಿಯುವುದು. ಮಗುವಿನ ತಾಯಿ ಕಣ್ಣೊರೆಸಿಕೊಂಡಾಗ ಆಶಾರಾಣಿ, ಸಣ್ಣದೊಂದು ಕಟ್ ಅಷ್ಟೇ ಎಂದು ಬೆರಳಲ್ಲಿ ಕತ್ತರಿಯಾಡಿಸಿ ತೋರಿಸಿದರು. ಅನುಮಾನವಿದ್ದರೆ ಈ ಹುಡುಗಿಯನ್ನೇ ಕೇಳಿ, ಇದನ್ನೇ ಓದಿದವಳು ಎಂದು ಬಾಗಿಲತ್ತ ಕೈ ತೋರಿದರು. ಅವಳು ಎಂದಿನಂತೆ ಗೋಣಾಡಿಸುತ್ತಾಳೆಂಬುದು ಅವರಿಗೆ ಗೊತ್ತಿತ್ತು.

ಎಲ್ಲರೂ ತಿರುಗಿದರು. ರೂಪಶ್ರೀಯ ಗೋಣು ತಾನಾಗಿ ಬಗ್ಗತೊಡಗಿತ್ತು. ಅಷ್ಟರಲ್ಲಿ ಬಕ್ಕೇಶ ಅವಳತ್ತ ನೋಡಿದ. ಪ್ಲೇಹೋಮಿನಲ್ಲಿ ದಿನವೂ ನೋಡುವ ಹಾಗೆ, ಈ ಮುಖದಿಂದ ಏನೂ ಬರುವುದಿಲ್ಲ ಎಂದು ಅರಿತವನ ಹಾಗೆ ನೋಡಿ, ಮತ್ತೆ ಅಜ್ಜಿಯ ತುಟಿಗೆ ತಿರುಗಿದ.

"ನಾಲಿಗೇಲಿ ಏನೂ ಇಲ್ರಿ," ಎಂದಳು ರೂಪಶ್ರೀ. ದನಿ ಒಡೆದಿತ್ತು, ಆದರೂ ಪಡಸಾಲೆಯ ಆ ತುದಿಗೂ ಕೇಳಿಸಿತು. "ಅಲ್ಲಿ ಬೆಳಗಿಂದ ಸಂಜೆ ತನಕ ಇವನ ಕೂಡ ಯಾರೂ ಮಾತಾಡಲ್ಲ. ನಾನೂ ಮಾತಾಡಲ್ಲ."